ನೋಟರಿ ಸೀಲ್ ಹಾಕಿಸಿದ ಪೇಪರ್ ಡೈವೋರ್ಸ್ ಅಲ್ಲ, ದಯವಿಟ್ಟು ಓದಿ

ಮೊನ್ನೆ ನಮ್ಮ ಪಕ್ಕದ ಬೀದಿ ಹುಡುಗಿ ಒಬ್ಬಳಿಗೆ ಬಾಂಡ್ ಪೇಪರ್ ಮೇಲೆ ಡೈವೋರ್ಸ್ ಬರೆಸೋಕೆ ಹೊರಟಿದ್ರು, ಕೇಳಿ ಹೊಟ್ಟೆಯೊಳಗೆ ಸಂಕಟ ಆಯ್ತು, ಅದಕ್ಕೇ ನನ್ನ ಕಥೆ ಬರೀತಿದೀನಿ.

2017ರಲ್ಲಿ ನನ್ನ ಮದುವೆ ಆಗಿದ್ದು, 2020ರಿಂದ ನಾನು ತವರುಮನೇಲೇ ಇದ್ದೆ. ಹೊಡೆದಾಟ ಬಡಿದಾಟ ಅಂತ ಏನಿಲ್ಲ, ಇಬ್ರಿಗೂ ಸಾಕಾಗಿತ್ತು, ಮಕ್ಕಳೂ ಇರ್ಲಿಲ್ಲ. 2021ರಲ್ಲಿ ಎರಡೂ ಕಡೆ ಹಿರಿಯರು ನಮ್ಮನೇಲಿ ಕೂತು ಮಾತಾಡಿದ್ರು. "ಇಬ್ರೂ ಒಪ್ಪಿದಾರಲ್ಲ, ಕೋರ್ಟು ಕಚೇರಿ ಅಂತ ಯಾಕೆ ಅಲೀಬೇಕು, ಲಾಯರ್‌ಗೆ ಯಾಕೆ ದುಡ್ಡು ಸುರೀಬೇಕು" ಅಂದಿದ್ದು ನಮ್ಮ ದೊಡ್ಡಪ್ಪಾನೇ. ಕೋರ್ಟ್ ಎದುರುಗಡೆ ಟೈಪ್ ಮಾಡಿಕೊಡೋರ ಹತ್ರ ಹೋಗಿ 100 ರೂಪಾಯಿ ಛಾಪಾ ಕಾಗದದಲ್ಲಿ "ವಿವಾಹ ವಿಚ್ಛೇದನ ಒಪ್ಪಂದ ಪತ್ರ" ಬರೆಸಿದ್ವಿ, ಇಬ್ಬರ ಫೋಟೋ ಅಂಟಿಸಿ, ನಾಲ್ಕು ಜನ ಸಾಕ್ಷಿ ಹಾಕಿ, ಅರ್ಧ ಫೋಟೋ ಮೇಲೆ ಅರ್ಧ ಪೇಪರ್ ಮೇಲೆ ಬರೋ ಹಾಗೆ ನೋಟರಿ ಸೀಲು. ಎಲ್ಲಾ ಸೇರಿ ಎಂಟು ಸಾವಿರ. "ಇನ್ನು ಮುಂದೆ ಇಬ್ಬರೂ ಬೇರೆ ಮದುವೆಯಾಗಲು ಸ್ವತಂತ್ರರು" ಅಂತ ಸ್ಪಷ್ಟವಾಗಿ ಬರೆದಿತ್ತು. ಅವತ್ತು ಸಂಜೆ ಮನೆಗೆ ಬಂದು ಕಾಲುಂಗುರ ತೆಗೆದೆ, ಆ ಪೇಪರ್‌ನ ಲ್ಯಾಮಿನೇಷನ್ ಮಾಡಿಸಿ ಬೀರುವಿನಲ್ಲಿ ಇಟ್ಟೆ.

ಎರಡು ವರ್ಷ ಅದನ್ನೇ ಡೈವೋರ್ಸ್ ಅಂತ ನಂಬ್ಕೊಂಡಿದ್ದೆ. 2023ರಲ್ಲಿ ಒಂದು ಒಳ್ಳೆ ಸಂಬಂಧ ಬಂತು, ಹುಡುಗನ ಅಕ್ಕ "ಡಿಕ್ರಿ ಕಾಪಿ ಕೊಡ್ತೀರಾ" ಅಂದ್ರು, ಅಂದ್ರೆ ಕೋರ್ಟ್ ಕೊಟ್ಟ ಡೈವೋರ್ಸ್ ತೀರ್ಪಿನ ಪ್ರತಿ, ನಾನು ಈ ಪೇಪರ್ ಕೊಟ್ಟೆ. ಅವರು ಪರಿಚಯದ ಲಾಯರ್‌ಗೆ ತೋರಿಸಿದ್ರಂತೆ. ಫೋನಲ್ಲಿ ತುಂಬಾ ಮೆತ್ತಗೆ ಹೇಳಿದ್ರು, "ಇದರಿಂದ ಏನೂ ಆಗಿಲ್ಲಮ್ಮ, ಕಾನೂನು ಪ್ರಕಾರ ನೀವಿನ್ನೂ ಅವರ ಹೆಂಡ್ತೀನೇ." ಆ ಸಂಬಂಧ ಅಲ್ಲಿಗೇ ನಿಂತ್ಹೋಯ್ತು. ಅವರು ಕೇಳದೇ ಇದ್ದಿದ್ರೆ ಮದುವೆ ಆಗೇಬಿಡ್ತಿತ್ತು, ಆಮೇಲೆ ಯಾರಾದ್ರೂ ಕಂಪ್ಲೇಂಟ್ ಕೊಟ್ಟಿದ್ರೆ ಏಳು ವರ್ಷದವರೆಗೂ ಜೈಲು ಆಗಬಹುದಾದ ಕೇಸ್ ಅದು, ನೆನೆಸ್ಕೊಂಡ್ರೆ ಈಗ್ಲೂ ಕೈ ನಡುಗುತ್ತೆ.

ಇನ್ನೊಂದು ಪೆಟ್ಟು ಆಮೇಲೆ ಬಿತ್ತು. ಕೋರ್ಟಲ್ಲಿ ಸರಿಯಾಗಿ ಮಾಡ್ಕೊಳ್ಳೋಣ ಬನ್ನಿ ಅಂತ ನನ್ನ ಗಂಡನಿಗೆ ಫೋನ್ ಮಾಡಿದೆ. ನನ್ನ 80 ಗ್ರಾಂ ಒಡವೆ ಅವರ ಮನೇಲೇ ಇತ್ತು, ಹಿರಿಯರ ಮುಂದೆ ಕೊಡ್ತೀವಿ ಅಂದಿದ್ರು, ಪೇಪರ್‌ನಲ್ಲಿ ಮಾತ್ರ "ಪರಸ್ಪರ ಯಾವ ಬಾಕಿಯೂ ಇಲ್ಲ" ಅಂತ ಬರೆದಿತ್ತು, ನಾನು ಅದನ್ನ ಪೂರ್ತಿ ಓದದೇ ಸೈನ್ ಮಾಡಿದ್ದೆ. ಈಗ ಅದನ್ನೇ ತೋರಿಸಿ, ಒಡವೆ ಬಿಟ್ರೆ ಮಾತ್ರ ಕೋರ್ಟಿಗೆ ಬರ್ತೀನಿ ಅಂದ್ರು. ನನಗೆ ಅರ್ಜೆಂಟ್ ಅಂತ ಅವರಿಗೆ ಗೊತ್ತಾಗ್ಹೋಗಿತ್ತು.

ಕೊನೆಗೆ ದಾರಿ ಸಿಕ್ಕಿದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಲಾಯರ್ ಫ್ರೀ, ಇದು ನನಗೆ ಮೊದಲೇ ಗೊತ್ತಿದ್ರೆ ಆ ಎಂಟು ಸಾವಿರಾನೂ ಉಳೀತಿತ್ತು ಎರಡು ವರ್ಷಾನೂ ಉಳೀತಿತ್ತು. ಅಲ್ಲಿ ಕೊಟ್ಟ ಲಾಯರ್ ಮೇಡಂ ಕೂರಿಸ್ಕೊಂಡು ಬಿಡಿಸಿ ಹೇಳಿದ್ರು. ಹಿಂದೂ ವಿವಾಹ ಕಾಯ್ದೆ 13ಬಿ ಪ್ರಕಾರ ಒಂದು ವರ್ಷ ಬೇರೆ ಇದ್ದಿರಬೇಕು, ಇಬ್ರೂ ಸೇರಿ ಅರ್ಜಿ ಹಾಕಬೇಕು, ಆರು ತಿಂಗಳು ಬಿಟ್ಟು ಹದಿನೆಂಟು ತಿಂಗಳೊಳಗೆ ಮತ್ತೆ ಇಬ್ರೂ ಜಡ್ಜ್ ಮುಂದೆ ಒಪ್ಪಿಗೆ ಹೇಳಬೇಕು. ನಮ್ಮ ಹಾಗೆ ತುಂಬಾ ದಿನದಿಂದ ಬೇರೆ ಇದ್ದು, ಕೊಡೋದು ತಗೊಳ್ಳೋದು ಎಲ್ಲಾ ಇತ್ಯರ್ಥ ಆಗಿದ್ರೆ ಆ ಆರು ತಿಂಗಳನ್ನ ಕೋರ್ಟ್ ಮಾಫಿ ಮಾಡಬಹುದು, 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೆಲವು ಸಮುದಾಯಗಳಲ್ಲಿ ರೂಢಿಯ ಪ್ರಕಾರ ಬಿಡುಗಡೆ ಅನ್ನೋದನ್ನ ಕಾನೂನು ಒಪ್ಪುತ್ತಂತೆ, ಆದ್ರೆ ಆ ರೂಢಿ ಇದೆ ಅಂತ ಕೋರ್ಟಲ್ಲಿ ಸಾಬೀತು ಮಾಡಬೇಕು, ಹಿರಿಯರು ಹೇಳಿದ್ರು ಅಂದ್ರೆ ಸಾಕಾಗಲ್ಲ.

ಮೀಡಿಯೇಷನ್‌ನಲ್ಲಿ, ಅಂದ್ರೆ ಮಧ್ಯಸ್ಥರ ಮುಂದೆ ರಾಜಿ ಮಾತುಕತೆಗೆ, ಮೂರು ಸಲ ಕೂತ್ವಿ. ಬಳೆ, ಸರ, ಓಲೆ ಅಂತ ಒಂದೊಂದೂ ತೂಕದ ಸಮೇತ ಬರೆಸಿದ್ರು ಮೇಡಂ. ಕೊನೇ ಡೇಟ್‌ವರೆಗೂ ಯಾರು ಬೇಕಾದ್ರೂ ಒಪ್ಪಿಗೆ ವಾಪಸ್ ತಗೋಬಹುದು, ಅದಕ್ಕೇ ಒಡವೆ ನಿಮ್ಮ ಕೈಗೆ ಬರದೇ ಕೊನೇ ಸೈನ್ ಹಾಕಬೇಡಿ ಅಂದ್ರು. 52 ಗ್ರಾಂ ವಾಪಸ್ ಬಂತು, ಮಿಕ್ಕಿದ್ದು ಬಿಟ್ಟೆ. ಜಡ್ಜ್ ಕೇಳಿದ್ದು ಒಂದೇ, "ಯಾರಾದ್ರೂ ಬಲವಂತ ಮಾಡಿದಾರೇನಮ್ಮ?" ಇಲ್ಲ ಸ್ವಾಮಿ ಅಂದೆ, ಐದು ನಿಮಿಷದಲ್ಲಿ ಮುಗೀತು.

ಇಬ್ರೂ ಒಪ್ಪಿದ್ರೆ ಲಾಯರ್ ಬೇಕಾ ಅಂತ ಕೇಳೋರಿಗೆ ನಾನು ಹೇಳೋದು ಬೇಕು ಅಂತಾನೇ. ಫ್ಯಾಮಿಲಿ ಕೋರ್ಟಲ್ಲಿ ನಾವೇ ನಿಂತು ಹೇಳ್ಕೋಬಹುದು ನಿಜ, ಆದ್ರೆ ಷರತ್ತು ಬರೆಯೋ ಪೇಪರ್‌ನ ನಿಮ್ಮ ಕಡೆಯವರೇ ಆದ ಲಾಯರ್ ಒಬ್ರು ಓದಲೇಬೇಕು, ಗಂಡನ ಕಡೆಯವರ ಪರಿಚಯದ ಲಾಯರ್ ಒಬ್ರೇ ಇಬ್ರಿಗೂ ಸಾಕು ಅಂದ್ರೆ ಒಪ್ಕೋಬೇಡಿ. ಈಗಾಗ್ಲೇ ನನ್ನ ಹಾಗೆ ನೋಟರಿ ಪೇಪರ್ ಇಟ್ಕೊಂಡು ಕೂತಿರೋರು ಜಿಲ್ಲಾ ಕೋರ್ಟ್ ಹತ್ರ ಕಾನೂನು ಸೇವಾ ಪ್ರಾಧಿಕಾರದ ಆಫೀಸ್ ಎಲ್ಲಿ ಅಂತ ಕೇಳಿ ಹೋಗಿ, ಇಲ್ಲಾಂದ್ರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಆ ಪೇಪರೂ, ಮದುವೆ ಫೋಟೋ, ಲಗ್ನಪತ್ರಿಕೆ, ಆಧಾರ್ ಎಲ್ಲಾ ಜೊತೆಗೆ ತಗೊಂಡು ಹೋಗಿ.