ಗಾಳಿ ಅಳೆಯುವ ಡಬ್ಬಿ: ಹೊಗೆಗೆ ಚುರುಕು, ಗಂಧಕಕ್ಕೆ ಕುರುಡು

ಐದಕ್ಕೆ ಮೂರು ನಕ್ಷತ್ರ ಕೊಡುತ್ತಿದ್ದೇನೆ. ಆ ಮೂರನ್ನೂ ಇದು ಸಂಪಾದಿಸಿದ್ದು ನಮ್ಮ ಅಡುಗೆಮನೆಯಲ್ಲಿ.

ನಮ್ಮ ಮನೆಯವರಿಗೆ ದಮ್ಮು. ನಾನು ರಾಯಚೂರಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವಳು. ಬಾಯ್ಲರ್‌ಗೆ ಹಾಕಿದ ಹೊಟ್ಟಿನ ಕರಿಬೂದಿ ಖಾತೆ ಪುಸ್ತಕದ ಮೇಲೂ ಬಂದು ಕೂರುತ್ತದೆ. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1,720 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರವಿದೆ. ಇಂಥ ಊರಿನವರು ‘ಎಲ್ಲ ಬಗೆಯ ವಾಯುಮಾಲಿನ್ಯ ಪತ್ತೆ’ ಎಂದು ಬರೆದ ಪೆಟ್ಟಿಗೆ ಕಂಡರೆ ಕೊಳ್ಳದೆ ಇರುತ್ತಾರೆಯೇ? ಆನ್‌ಲೈನ್‌ನಲ್ಲಿ ತರಿಸಿದೆ. ಅಂಗೈ ಅಗಲದ ಡಬ್ಬಿ, ಬಣ್ಣದ ಪರದೆ, ಒಳಗೊಂದು ಪುಟ್ಟ ಫ್ಯಾನ್.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಕೆಮ್ಮು ಬರುವ ಮೊದಲೇ ಅಂಕಿ ಏರುತ್ತದೆ. ದೇವರ ಮನೆಯಲ್ಲಿ ಊದುಬತ್ತಿ ಹಚ್ಚಿದರೆ ಪರದೆ ಕೆಂಪಾಗುತ್ತದೆ. ಭಾರತದ ಮಿತಿಯ ಪ್ರಕಾರ ಪಿಎಂ 2.5 ಎಂಬ ಅತಿ ಸೂಕ್ಷ್ಮ ಕಣಗಳು ಘನಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಬರೀ 15. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದು ಊದುಬತ್ತಿ ಎಷ್ಟು ಕೆಲಸ ಮಾಡುತ್ತದೆ ಎಂದು ಮನೆಯವರಿಗೆ ತೋರಿಸಲು ಈ ಡಬ್ಬಿಯೇ ಬೇಕಾಯಿತು. ನನ್ನ ಮಾತನ್ನು ಅವರು ಕೇಳಿರಲಿಲ್ಲ.

ಆದರೆ ಬೀದಿಯ ಧೂಳಿನ ವಿಷಯದಲ್ಲಿ ಇದನ್ನು ನಂಬಬೇಡಿ. ಕಟ್ಟೆಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿದ್ದರೂ ಡಬ್ಬಿ ಹಸಿರಾಗಿ ನಗುತ್ತಿರುತ್ತದೆ. ಒಳಗಿರುವುದು ಲೇಸರ್. ಫ್ಯಾನ್ ಎಳೆದ ಗಾಳಿಯಲ್ಲಿ ಕಣಗಳು ಬೆಳಕನ್ನು ಚದುರಿಸುವುದನ್ನು ನೋಡಿ ಅದು ಲೆಕ್ಕ ಹಾಕುತ್ತದೆ. ಇಂಥ ಅಗ್ಗದ ಸಂವೇದಕಗಳಿಗೆ ದಪ್ಪ ಧೂಳು ಸರಿಯಾಗಿ ಸಿಕ್ಕುವುದಿಲ್ಲ. ದಪ್ಪ ಕಣಗಳನ್ನೂ ಸೇರಿಸಿ ಹೇಳುವ ‘ಪಿಎಂ 10’ ಅಂಕಿ ಪರದೆಯ ಮೇಲಿದ್ದರೂ ಅದು ಬಹುಪಾಲು ಅಂದಾಜು.

ನಿಜವಾದ ಪರೀಕ್ಷೆ ನಡೆದದ್ದು ಸುರತ್ಕಲ್‌ನಲ್ಲಿ, ಮಗಳ ಮನೆಯಲ್ಲಿ. ಸಮುದ್ರದ ಗಾಳಿ ಶುದ್ಧ ಎಂದು ಮನೆಯವರನ್ನು ಅಲ್ಲಿಗೆ ಕರೆದೊಯ್ದಿದ್ದೆವು. ಬೆಳಗಿನ ಜಾವ ಕಿಟಕಿ ತೆರೆದರೆ ಡಬ್ಬಿ ರಾಯಚೂರಿಗಿಂತ ಹೆಚ್ಚಿನ ಅಂಕಿ ತೋರಿಸಿತು! “ಅವ್ವ, ಅದನ್ನು ಆರಿಸಿಬಿಡು, ಅಪ್ಪ ಗಾಬರಿಯಾಗುತ್ತಾರೆ” ಎಂದಳು ಮಗಳು. ಬಿಸಿಲೇರಿದಂತೆ ಅಂಕಿ ತಾನಾಗಿಯೇ ಇಳಿಯಿತು. ಕಾರಣ ತೇವ. ಗಾಳಿಯ ತೇವಾಂಶ ಶೇ 75–80 ದಾಟಿದರೆ ಉಪ್ಪಿನ ಕಣವೂ ಗಂಧಕದಿಂದಾದ ಸಲ್ಫೇಟ್ ಕಣವೂ ನೀರು ಹೀರಿ ಉಬ್ಬುತ್ತವೆ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾದ ಹಾಗೆಯೇ ಇದು. ಉಬ್ಬಿದ ಕಣ ಬೆಳಕನ್ನು ಹೆಚ್ಚು ಚದುರಿಸುತ್ತದೆ, ಡಬ್ಬಿ ನೀರನ್ನೂ ಮಾಲಿನ್ಯದ ಲೆಕ್ಕಕ್ಕೆ ಸೇರಿಸುತ್ತದೆ. ಮಾಪನ ಕೇಂದ್ರಗಳ ದೊಡ್ಡ ಯಂತ್ರಗಳಲ್ಲಿ ಗಾಳಿಯನ್ನು ಬೆಚ್ಚಗೆ ಮಾಡಿ ತೇವ ತಗ್ಗಿಸುವ ಏರ್ಪಾಡು ಇರುತ್ತದೆ. ಇದರಲ್ಲಿ ಇಲ್ಲ, ಕೈಪಿಡಿಯಲ್ಲಿ ಎಚ್ಚರಿಕೆಯ ಒಂದು ಸಾಲೂ ಇಲ್ಲ.

ಹಾಗೆಂದು ಕರಾವಳಿಯ ಕಣಗಳೆಲ್ಲ ಬರೀ ನೀರು ಎಂದುಕೊಳ್ಳಬಾರದು. ಹಡಗಿನ ಹೊಗೆಯ ಗಂಧಕವೂ ಅವುಗಳಲ್ಲಿ ಸೇರಿರುತ್ತದೆ. ಅಳಿಯ ಹಡಗು ಏಜೆನ್ಸಿಯೊಂದರಲ್ಲಿ ಕೆಲಸ ಮಾಡುತ್ತಾನೆ. “ಅತ್ತೆ, 2020ರ ಜನವರಿಯವರೆಗೆ ಹಡಗಿನ ಎಣ್ಣೆಯಲ್ಲಿ ಶೇ 3.5ರಷ್ಟು ಗಂಧಕ ಇರಬಹುದಿತ್ತು, ಈಗ ಶೇ 0.5 ಮಾತ್ರ” ಎಂದ. ಚಿಮಣಿಗೆ ಹೊಗೆ ತೊಳೆಯುವ ಯಂತ್ರ ಕೂಡಿಸಿಕೊಂಡ ಹಡಗು ಹಳೆಯ ಎಣ್ಣೆಯನ್ನೇ ಸುಡಬಹುದಂತೆ. ಹಲವು ಹಡಗುಗಳು ತೊಳೆದ ನೀರನ್ನು ಸಮುದ್ರಕ್ಕೇ ಬಿಡುತ್ತವೆ. ಗಾಳಿಗೆ ಬಿಡಬೇಡ ಎಂದರೆ ನೀರಿಗೆ! ಸಮುದ್ರವೂ ತನ್ನ ಪಾಲು ಸೇರಿಸುತ್ತದೆ: ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳಿಂದ ಗಂಧಕದ ಅನಿಲವೊಂದು ಮೇಲೇಳುತ್ತದೆ. ಕಡಲಿನ ವಾಸನೆಯಲ್ಲಿ ಅದೂ ಇದೆ.

ಡಬ್ಬಿಯ ದೊಡ್ಡ ಕೊರತೆ ಇಲ್ಲೇ ಇರುವುದು. ಹಡಗಿನ ಹೊಗೆಗೊಳವೆಯಿಂದಾಗಲಿ ಕಲ್ಲಿದ್ದಲಿನ ಒಲೆಯಿಂದಾಗಲಿ ಗಂಧಕ ಹೊರಬರುವುದು ಹೆಚ್ಚಾಗಿ ಸಲ್ಫರ್ ಡೈಆಕ್ಸೈಡ್ ಎಂಬ ಅನಿಲವಾಗಿ. ಗಂಟೆಗಳೋ ದಿನಗಳೋ ಗಾಳಿಯಲ್ಲಿ ಅಲೆದು ಅದು ಆಮ್ಲವಾಗುತ್ತದೆ. ಹೊಲದ ಯೂರಿಯಾ, ಸಗಣಿಗಳಿಂದ ಏಳುವ ಅಮೋನಿಯಾದೊಂದಿಗೆ ಕೂಡಿ ಸಲ್ಫೇಟ್ ಕಣವಾಗುತ್ತದೆ. ಡಬ್ಬಿಗೆ ಕಾಣುವುದು ಈ ಕೊನೆಯ ರೂಪ ಮಾತ್ರ. ದಮ್ಮಿನವರ ಎದೆ ಬಿಗಿಸುವ ಅನಿಲ ಲೇಸರಿನ ಮುಂದೆಯೇ ಹಾದುಹೋದರೂ ಅಂಕಿ ಕದಲುವುದಿಲ್ಲ. ಭಾರತದ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು, ಗಂಧಕ ಕಡಿಮೆ ಎನ್ನುವುದು ನಿಜ. ಆದರೆ ಸುಡುವ ಪ್ರಮಾಣ ಸಣ್ಣದಲ್ಲ.

ಹಾಗಾಗಿ ಪೆಟ್ಟಿಗೆಯ ಮೇಲಿನ ‘ಎಲ್ಲ ಬಗೆಯ’ ಎಂಬ ಮಾತಿಗೆ ಎರಡು ನಕ್ಷತ್ರ ಕಡಿತ. ಗಂಧಕದ ಅನಿಲದ ಅಂಕಿ ಬೇಕಿದ್ದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆಪ್ ನೋಡಿ, ಅದಕ್ಕೆ ದುಡ್ಡು ಬೇಕಿಲ್ಲ. ಅಡುಗೆಮನೆ, ದೇವರ ಮನೆಯ ಹೊಗೆ ತಿಳಿಯಲು ಮಾತ್ರ ಈ ಡಬ್ಬಿ ಕೊಳ್ಳಿ, ಅದೂ ರಿಯಾಯಿತಿಯ ದಿನಗಳಲ್ಲಿ. ಗಿರಣಿಯ ಹತ್ತಿರ ಇಡಬೇಡಿ: ಫ್ಯಾನಿಗೆ ಹೊಟ್ಟು ಸಿಕ್ಕಿಕೊಂಡು ಈಗಾಗಲೇ ಕಿರುಗುಟ್ಟುತ್ತಿದೆ, ‘ಧೂಳಿನಿಂದಾದ ಹಾನಿ’ಗೆ ವಾರಂಟಿ ಇಲ್ಲವಂತೆ.