ಕೋಡ್ ತುಣುಕುಗಳ ಹಂಚಿಕೆಗೆ ಗಿಟ್‌ಹಬ್ ಗಿಸ್ಟ್

ಹತ್ತಿಪ್ಪತ್ತು ಸಾಲಿನ ಕೋಡನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದರೆ ಉದ್ದನೆಯ ಸಾಲುಗಳು ಮುರಿಯುತ್ತವೆ, ನಾಳೆ ಒಂದು ಸಾಲು ತಿದ್ದಿದರೆ ಹಳೆಯ ಪ್ರತಿ ಹಾಗೆಯೇ ಎಲ್ಲರ ಬಳಿ ಉಳಿಯುತ್ತದೆ. ಇಂತಹ ಚಿಕ್ಕ ತುಣುಕುಗಳಿಗಾಗಿಯೇ 2008ರಿಂದ ಇರುವ ಉಚಿತ ಸೇವೆ, ಕೋಡ್ ಸಂಗ್ರಹಿಸಿಡುವ ತಾಣವಾದ ಗಿಟ್‌ಹಬ್‌ನ ಗಿಸ್ಟ್. 2018ರಿಂದೀಚೆಗೆ ಹೊಸ ಗಿಸ್ಟ್ (ಇಲ್ಲಿ ಹಾಕುವ ತುಣುಕು) ರಚಿಸಲು ಖಾತೆ ಬೇಕು, ಓದುವವರಿಗೆ ಬೇಡ.

ಪ್ರತಿಯೊಂದು ಗಿಸ್ಟ್ ಕೂಡ ಒಂದು ಪೂರ್ಣ ಗಿಟ್ ರೆಪಾಸಿಟರಿ, ಅಂದರೆ ಬದಲಾವಣೆಗಳ ಇತಿಹಾಸವನ್ನೂ ಉಳಿಸುವ ಸಂಗ್ರಹ ಎಂಬುದೇ ಇದರ ನಿಜವಾದ ಬಲ. ಮಾಡಿದ ಪ್ರತಿ ತಿದ್ದುಪಡಿಯೂ ದಾಖಲಾಗುತ್ತದೆ, ಬೇರೆಯವರು ಫೋರ್ಕ್ ಮಾಡಿಕೊಂಡು (ತಮ್ಮದೇ ಪ್ರತಿ ಮಾಡಿಕೊಂಡು) ತಮ್ಮ ಅಗತ್ಯಕ್ಕೆ ತಕ್ಕಂತೆ ಬದಲಿಸಬಹುದು. ಆದರೆ ಆ ಬದಲಾವಣೆಯನ್ನು ಮೂಲಕ್ಕೆ ಸೇರಿಸಲು ಮೂಲ ಲೇಖಕರಿಗೆ ಕೋರಿಕೆ ಕಳುಹಿಸುವ ಪುಲ್ ರಿಕ್ವೆಸ್ಟ್ ಸೌಲಭ್ಯವಿಲ್ಲ, ಇದು ದೊಡ್ಡ ಕೊರತೆಯೇ ಸರಿ.

ಅಂದವಾಗಿ ಕಾಣುವುದು ಬಹುಮಟ್ಟಿಗೆ ಕಡತದ ಹೆಸರಿನ ಮೇಲೆ ನಿಂತಿದೆ. ಹೆಸರು ಕೊಡದಿದ್ದರೆ ಅದು ಬರಿಯ ಪಠ್ಯ ಕಡತವಾಗಿ ಉಳಿದು ಬಣ್ಣಗಳಿಲ್ಲದೆ ಕಾಣುತ್ತದೆ; ಕೊನೆಯಲ್ಲಿ ಡಾಟ್ ಪಿವೈ ಎಂದು ಸೇರಿಸಿದರೆ ಪೈಥಾನ್‌ಗೆ ತಕ್ಕ ಬಣ್ಣಗಳು ತಾವಾಗಿಯೇ ಬರುತ್ತವೆ. ವಿವರಣೆಯೂ ಬೇಕಿದ್ದರೆ ಮಾರ್ಕ್‌ಡೌನ್ (ಸರಳ ಚಿಹ್ನೆಗಳಿಂದ ಪಠ್ಯವನ್ನು ವಿನ್ಯಾಸಗೊಳಿಸುವ ವಿಧಾನ) ಕಡತವೇ ಸೂಕ್ತ. ಕೋಡಿನ ಮೇಲೂ ಕೆಳಗೂ ಮೂರು ಬ್ಯಾಕ್‌ಟಿಕ್ (` ಚಿಹ್ನೆ) ಇಟ್ಟು, ಮೇಲಿನವುಗಳ ಪಕ್ಕದಲ್ಲೇ ಭಾಷೆಯ ಹೆಸರನ್ನು ಬರೆಯಬೇಕು. ಅಲ್ಲಿ ಭಾಷೆಯ ಬದಲು ಡಿಫ್ (diff) ಎಂದು ಬರೆದರೆ ಪ್ಲಸ್ ಚಿಹ್ನೆಯ ಸಾಲುಗಳು ಹಸಿರಾಗಿಯೂ ಮೈನಸ್ ಚಿಹ್ನೆಯವು ಕೆಂಪಾಗಿಯೂ ಕಾಣುತ್ತವೆ. ಹಳೆಯದನ್ನೂ ಹೊಸದನ್ನೂ ಹೋಲಿಸಿ ಕಲಿಸಲು ಇದಕ್ಕಿಂತ ಸರಳವಾದ ವಿಧಾನವನ್ನು ನಾನು ಕಂಡಿಲ್ಲ. ಕನ್ನಡದ ಟಿಪ್ಪಣಿಗಳು ಸರಿಯಾಗಿಯೇ ಮೂಡುತ್ತವೆ, ಆದರೆ ನಮ್ಮ ಅಕ್ಷರಗಳ ಅಗಲ ಒಂದೇ ಅಲ್ಲವಾದ್ದರಿಂದ ಸ್ಪೇಸ್ ಒತ್ತಿ ಜೋಡಿಸಿದ ಕಾಲಮ್‌ಗಳು ಸಾಲಿಗೆ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಸೀಕ್ರೆಟ್ ಗಿಸ್ಟ್‌ಗೆ ಸಂಬಂಧಿಸಿದ್ದು. ಅದು ಹುಡುಕಾಟದಲ್ಲಿ ಸಿಗದು ಅಷ್ಟೇ, ಲಿಂಕ್ ತಿಳಿದ ಯಾರು ಬೇಕಾದರೂ ಓದಬಹುದು. ಒಮ್ಮೆ ಸಾರ್ವಜನಿಕವಾಗಿ ಹಾಕಿದ್ದನ್ನು ಮತ್ತೆ ಸೀಕ್ರೆಟ್ ಮಾಡಲೂ ಆಗದು. ಪಾಸ್‌ವರ್ಡ್ ಅಥವಾ ಎಪಿಐ ಕೀ (ಒಂದು ಸೇವೆಯನ್ನು ಪ್ರೋಗ್ರಾಂ ಮೂಲಕ ಬಳಸಲು ಬೇಕಾದ ಗುಪ್ತ ಸಂಕೇತ) ಅಕಸ್ಮಾತ್ ಸೇರಿಹೋದರೆ ಆ ಸಾಲನ್ನು ಅಳಿಸಿದರೆ ಸಾಲದು, ಏಕೆಂದರೆ ಹಿಂದಿನ ಆವೃತ್ತಿಯಲ್ಲಿ ಅದು ಉಳಿದೇ ಇರುತ್ತದೆ. ಮೊದಲು ಕೀಯನ್ನು ರದ್ದುಪಡಿಸಿ, ಆಮೇಲೆ ಇಡೀ ಗಿಸ್ಟನ್ನು ಅಳಿಸಬೇಕು.

ಫೋಲ್ಡರ್ ಆಗಲಿ ಟ್ಯಾಗ್ ಆಗಲಿ ಇಲ್ಲದ ಕಾರಣ, ಸಂಗ್ರಹ ಬೆಳೆದಂತೆ ಬೇಕಾದದ್ದನ್ನು ಹುಡುಕುವುದು ಕಷ್ಟವಾಗುತ್ತದೆ. ಆದ್ದರಿಂದ ವಿವರಣೆಯ ಸಾಲನ್ನು ಎಂದೂ ಖಾಲಿ ಬಿಡಬಾರದು. ಹಂಚುವಾಗ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಬರಿಯ ಪಠ್ಯವನ್ನಷ್ಟೇ ತೋರಿಸುವ ರಾ (Raw) ಗುಂಡಿಯಿಂದ ಸಿಗುವ ಲಿಂಕ್ ಒಂದು ನಿರ್ದಿಷ್ಟ ಆವೃತ್ತಿಗೆ ಕಟ್ಟುಬಿದ್ದಿರುತ್ತದೆ. ಅದರಲ್ಲಿ raw ಎಂಬ ಪದದ ನಂತರ ಬರುವ ಉದ್ದನೆಯ ಹ್ಯಾಶ್ ಭಾಗವನ್ನು (ಆವೃತ್ತಿಯನ್ನು ಗುರುತಿಸುವ ಅಕ್ಷರ-ಅಂಕಿಗಳ ಸಾಲನ್ನು) ತೆಗೆದು ಕಳುಹಿಸಿದರೆ ಹೊಸ ಆವೃತ್ತಿಯೇ ತೆರೆದುಕೊಳ್ಳುತ್ತದೆ.