ಒಳಾಂಗಣ ಆಟಕ್ಕೆ ಕ್ಯಾನನ್ ಆರ್6: ಕಲಬುರಗಿಯ ಹಾಲ್‌ಗಳಲ್ಲಿ ಬಳಸಿ ಕಂಡದ್ದು

ಒಳಾಂಗಣ ಆಟದ ಫೋಟೋಕ್ಕೆ ಕ್ಯಾಮೆರಾ ಹುಡುಕುವವರೆಲ್ಲ ಮೊದಲು ಕೇಳುವುದು ಒಂದೇ: ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಎಷ್ಟರವರೆಗೆ ಎಳೆಯಬಹುದು? ನಮ್ಮ ಕಡೆ ಹಾಲ್‌ಗಳಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಮೇಲಿನ ದೀಪ ಮಿನುಗುತ್ತಿದ್ದರೆ ಈ ಕ್ಯಾಮೆರಾ ಏನು ಮಾಡುತ್ತೆ? ಕ್ಯಾನನ್ ಇಒಎಸ್ ಆರ್6 ಹಿಡಿದು ಕಲಬುರಗಿ, ಬೀದರ್, ಯಾದಗಿರಿ ಸುತ್ತ ಕೆಲವು ವರ್ಷದಿಂದ ಶಟಲ್, ಕಬಡ್ಡಿ, ಟೇಬಲ್ ಟೆನಿಸ್, ಕರಾಟೆ ಅಂತ ಓಡಾಡುತ್ತಿದ್ದೇನೆ. ಹೊಟ್ಟೆಪಾಡು ಮದುವೆ, ಕುಬುಸ, ನಾಮಕರಣದಲ್ಲಿ. ಆಟದ ಫೋಟೋ ಖುಷಿಗೆ, ನಡುನಡುವೆ ಪತ್ರಿಕೆಗೂ ಕೊಡುತ್ತೇನೆ. ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಬಯಲಿನಲ್ಲಿ ಹಗಲು ಹೊತ್ತು ಓಟ, ಜಿಗಿತ ತೆಗೆಯುವುದಾದರೆ ಈ ವಿಮರ್ಶೆ ಓದುವ ಅಗತ್ಯವೇ ಇಲ್ಲ. ನಮ್ಮ ಬಿಸಿಲಿಗೆ ಯಾವ ಕ್ಯಾಮೆರಾ ಆದರೂ ನಡೆಯುತ್ತೆ.

ದೀಪದ ವಿಷಯಕ್ಕೇ ಮೊದಲು ಬರುತ್ತೇನೆ. ನಮ್ಮ ಕರೆಂಟು 50 ಹರ್ಟ್ಸ್. ಚೋಕ್ ಇರುವ ಹಳೇ ಟ್ಯೂಬ್‌ಲೈಟ್, ಮೆಟಲ್ ಹ್ಯಾಲೈಡ್ ದೀಪ, ಅಗ್ಗದ ಎಲ್‌ಇಡಿ, ಇವೆಲ್ಲ ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಕಣ್ಣಿಗೆ ಗೊತ್ತಾಗಲ್ಲ. ಶಟರ್ 1/100 ಸೆಕೆಂಡ್ ಇಟ್ಟರೆ ಕ್ಯಾಮೆರಾಗೂ ಗೊತ್ತಾಗಲ್ಲ, ಯಾಕೆಂದರೆ ಒಂದು ಪೂರ್ತಿ ಏರಿಳಿತ ಆ ಫೋಟೋದೊಳಗೇ ಮುಗಿದಿರುತ್ತೆ. ಆದರೆ 1/100ಕ್ಕೆ ಕಬಡ್ಡಿ ತೆಗೆದರೆ ಕೈ ಯಾರದು, ಕಾಲು ಯಾರದು ತಿಳಿಯುವುದಿಲ್ಲ. ಕಡಿಮೆ ಅಂದ್ರೂ 1/800 ಬೇಕು, ಶಟಲ್‌ಗೆ ಅದಕ್ಕೂ ಜಾಸ್ತಿ. 1/800 ಅಂದರೆ ಆ ಏರಿಳಿತದಲ್ಲಿ ಎಂಟರ ಒಂದು ಪಾಲು ಮಾತ್ರ ನಮಗೆ ಸಿಗುತ್ತದೆ. ಅದು ಏರಿನಲ್ಲಿ ಸಿಕ್ಕಿತೋ ಇಳಿತದಲ್ಲಿ ಸಿಕ್ಕಿತೋ, ಅವತ್ತಿನ ಅದೃಷ್ಟ.

ಕಬಡ್ಡಿಯ ಒಂದು ಬರ್ಸ್ಟ್ (ಬಟನ್ ಒತ್ತಿ ಹಿಡಿದು ಸಾಲಾಗಿ ತೆಗೆದ ಫೋಟೋಗಳು) ತೆಗೆದುಕೊಳ್ಳಿ. ರೈಡರ್ ಬೋನಸ್ ಗೆರೆಯ ಹತ್ತಿರ ಕಾಲು ಚಾಚಿದ್ದಾನೆ, ಮೂಲೆಯ ಹುಡುಗ ಕೆಳಗೆ ಬಿದ್ದು ಕಣಕಾಲು ಹಿಡಿದಿದ್ದಾನೆ. ಮೊದಲ ಫ್ರೇಮ್‌ನಲ್ಲಿ ಬಿಳಿ ಬನಿಯನ್ ಬಿಳಿಯಾಗಿಯೇ ಇದೆ. ಎರಡನೆಯದರಲ್ಲಿ ಅದೇ ಬನಿಯನ್ ಹಳದಿಗೆ ತಿರುಗಿದೆ. ಮೂರನೆಯದು ಇನ್ನೂ ಕತ್ತಲು, ಮ್ಯಾಟ್‌ನ ಒಂದು ಮೂಲೆ ಮಾತ್ರ ಹಸಿರು ಹಸಿರು. ದೊಡ್ಡ ಹಾಲ್‌ಗಳಲ್ಲಿ ದೀಪಗಳನ್ನು ಮೂರು ಫೇಸ್‌ಗೆ ಹಂಚಿರುತ್ತಾರೆ. ಎಲ್ಲವೂ ಒಂದೇ ಹೊತ್ತಿಗೆ ಏರಿಳಿಯುವುದಿಲ್ಲ, ಅದಕ್ಕೇ ಮೂಲೆಗೊಂದು ಬಣ್ಣ. ಮುಖದಲ್ಲಿ ಹಲ್ಲು ಕಚ್ಚಿದ ಆ ಒಳ್ಳೆ ಭಾವ ಯಾವಾಗಲೂ ಮೂರನೇ ಫ್ರೇಮ್‌ನಲ್ಲೇ ಬಂದಿರುತ್ತೆ ನೋಡಿ!

ಹಳೇ ಕ್ಯಾಮೆರಾ ಇದ್ದಾಗ ಒಬ್ಬ ಹುಡುಗನ ತಂದೆ ಫೋಟೋ ನೋಡಿ ಕೇಳಿದ್ದರು, "ಏನ್ರಿ ಸರ್, ಮಾರಿ ಹಿಂಗ ಹಳದಿ ಕಾಣ್ಲಕತ್ತದ, ಕಾಮಣಿ ಆದಂಗ?" ಗೆದ್ದ ಮಕ್ಕಳ ಫೋಟೋ ನಮ್ಮಲ್ಲಿ ಕೊನೆಗೆ ಸರ್ಕಲ್‌ನಲ್ಲಿ ಫ್ಲೆಕ್ಸ್ ಆಗಿ ನಿಲ್ಲುತ್ತೆ. ಫ್ಲೆಕ್ಸ್‌ನಲ್ಲಿ ನಾಯ್ಸ್ (ಐಎಸ್‌ಒ ಏರಿಸಿದಾಗ ಬರುವ ಕಾಳುಕಾಳು) ಯಾರಿಗೂ ಕಾಣಲ್ಲ. ಹಳದಿ ಮುಖ ಮಾತ್ರ ಆಟೋದಲ್ಲಿ ಹೋಗುವವರಿಗೂ ಕಾಣುತ್ತೆ.

ಆರ್6ನ ಮೆನುವಿನಲ್ಲಿ ಆ್ಯಂಟಿ-ಫ್ಲಿಕರ್ ಅಂತ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಕ್ಯಾಮೆರಾ ದೀಪದ ಏರಿಳಿತವನ್ನು ಅಳೆದು, ಬೆಳಕು ಜಾಸ್ತಿ ಇರುವ ಘಳಿಗೆಗೆ ಕಾದು ಶಟರ್ ಬಿಡುತ್ತೆ. ಬರ್ಸ್ಟ್ ಪೂರ್ತಿ ಬಣ್ಣ ಹೆಚ್ಚುಕಡಿಮೆ ಒಂದೇ ಥರ ಬರುತ್ತದೆ. ಇಷ್ಟೇ ಕಾರಣಕ್ಕೆ ನನ್ನ ಎಡಿಟಿಂಗ್ ಕೆಲಸ ಅರ್ಧಕ್ಕಿಳಿದಿದೆ. ಇದಕ್ಕೆ ಬೆಲೆಯೂ ತೆರಬೇಕು. ಬರ್ಸ್ಟ್‌ನ ವೇಗ ಸ್ವಲ್ಪ ಇಳಿಯುತ್ತೆ, ಶಟರ್‌ನ ಟಕಟಕ ಒಂದೇ ಲಯದಲ್ಲಿ ಇರುವುದಿಲ್ಲ. ಮೆಕ್ಯಾನಿಕಲ್ ಶಟರ್‌ನಲ್ಲಿ (ನಿಜವಾದ ಪರದೆ ತೆರೆದು ಮುಚ್ಚುವುದು) ಮಾತ್ರ ಇದು ಕೆಲಸ ಮಾಡುತ್ತೆ. ಕರೆಂಟು ಹೋಗಿ ಜನರೇಟರ್ ಶುರುವಾದಾಗ ನನಗೆ ಕೆಲವು ಸಲ ಅಷ್ಟು ಕರಾರುವಾಕ್ಕಾಗಿ ಬಂದಿಲ್ಲ. ಈ ಸೌಲಭ್ಯ ಆರ್6ಗೆ ಮಾತ್ರ ಮೀಸಲೇನೂ ಅಲ್ಲ. ಕ್ಯಾನನ್ 2014ರಲ್ಲೇ 7ಡಿ ಮಾರ್ಕ್ 2ರಲ್ಲಿ ಇದನ್ನು ಕೊಟ್ಟಿತ್ತು, ನಿಕಾನ್ ಡಿ500, ಸೋನಿ ಎ7 3ರಲ್ಲೂ ಇದೆ. ನೀವು ಯಾವುದನ್ನೇ ಕೊಳ್ಳಿ, ಇದು ಇದೆಯಾ ಅಂತ ಮೊದಲು ನೋಡಿ.

ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆಕೆಂಡಿಗೆ 20 ಫ್ರೇಮ್ ಅಂತ ಜಾಹೀರಾತಿನಲ್ಲಿ ಹೇಳುತ್ತಾರೆ. ಒಳಾಂಗಣಕ್ಕೆ ಅದನ್ನು ಮರೆತುಬಿಡಿ. ಬೆಳಕು ಹಿಡಿಯುವ ಸೆನ್ಸರ್ ಸಾಲುಸಾಲಾಗಿ ಓದುವುದರಿಂದ ಫೋಟೋ ತುಂಬ ಅಡ್ಡಪಟ್ಟಿ ಬರುತ್ತೆ, ಸ್ಮ್ಯಾಶ್ ಹೊಡೆಯುವ ರ‍್ಯಾಕೆಟ್ ಬಗ್ಗಿದ ಹಾಗೆ ಕಾಣುತ್ತೆ. ಮೆಕ್ಯಾನಿಕಲ್‌ನಲ್ಲಿ ಸಿಗುವ 12 ಫ್ರೇಮ್ ಧಾರಾಳ ಸಾಕು. ಆ 12 ಕೂಡ ಬ್ಯಾಟರಿ ಚೆನ್ನಾಗಿ ತುಂಬಿದ್ದರೆ ಮಾತ್ರ. ಹಳೇ ಎಲ್‌ಪಿ-ಇ6 ಬ್ಯಾಟರಿ ಇದಕ್ಕೆ ಕೂರುತ್ತೆ, ಆದರೆ ವೇಗ ಬರಲ್ಲ. ಜೊತೆಗೆ ಬರುವ ಎಲ್‌ಪಿ-ಇ6ಎನ್‌ಎಚ್ ಮಾದರಿಯದೇ ಇನ್ನೊಂದು ಇಟ್ಟುಕೊಳ್ಳಿ.

ಈಗ ಲೆನ್ಸ್. ನಮ್ಮ ಊರಿನ ಒಂದು ಸಾಧಾರಣ ಹಾಲ್‌ನಲ್ಲಿ ನನಗೆ ಸಿಗುವ ಲೆಕ್ಕ ಹೀಗಿರುತ್ತೆ: ಶಟರ್ 1/800, ಅಪರ್ಚರ್ (ಲೆನ್ಸ್‌ನ ಕಿಂಡಿ, ಅಂಕಿ ಚಿಕ್ಕದಾದಷ್ಟು ಬೆಳಕು ಜಾಸ್ತಿ) ಎಫ್ 2.8, ಐಎಸ್‌ಒ 6400. ಅದೇ ಜಾಗದಲ್ಲಿ ಕ್ಯಾಮೆರಾ ಜೊತೆ ಬರುವ ಎಫ್ 5.6ರ ಕಿಟ್ ಲೆನ್ಸ್ ಹಾಕಿದರೆ ಐಎಸ್‌ಒ 25600ಕ್ಕೆ ಹೋಗಬೇಕು. ಎಫ್ 1.8 ಇದ್ದರೆ 2500ರ ಆಸುಪಾಸು ಸಾಕು. ಬಾಡಿ (ಲೆನ್ಸ್ ಬಿಟ್ಟ ಕ್ಯಾಮೆರಾ) ಬದಲಿಸಿ ಇಷ್ಟು ಲಾಭ ಮಾಡಿಕೊಳ್ಳಲು ಆಗುವುದೇ ಇಲ್ಲ. ಕ್ಯಾನನ್‌ನ ಸಣ್ಣ ಸೆನ್ಸರ್‌ಗಿಂತ ಆರ್6ನಲ್ಲಿರುವ ಫುಲ್ ಫ್ರೇಮ್ ಸೆನ್ಸರ್ ಸುಮಾರು 2.6 ಪಟ್ಟು ದೊಡ್ಡದು, ಅದರಿಂದ ಬರುವ ಅನುಕೂಲ ಒಂದೂ ಕಾಲು ಸ್ಟಾಪ್ ಚಿಲ್ಲರೆ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಕಿಟ್ ಲೆನ್ಸ್‌ನಿಂದ ಎಫ್ 1.8ಕ್ಕೆ ಬಂದರೆ ಮೂರು ಸ್ಟಾಪ್‌ಗಿಂತ ಜಾಸ್ತಿ.

ಅದಕ್ಕೇ ನನ್ನ ಚೀಲದಲ್ಲಿ ಜಾಸ್ತಿ ದುಡಿಯುವುದು 1992ರಲ್ಲಿ ಬಂದ ಇಎಫ್ (ಕ್ಯಾನನ್‌ನ ಹಳೇ ಕ್ಯಾಮೆರಾಗಳ ಲೆನ್ಸ್ ಮಾದರಿ) 85 ಎಂಎಂ ಎಫ್ 1.8. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅಡಾಪ್ಟರ್ ಹಾಕಿ ಆರ್6ಗೆ ಜೋಡಿಸಿದರೆ ಫೋಕಸ್ ಥಟ್ಟನೆ ಕೂರುತ್ತೆ, 425 ಗ್ರಾಂ ಅಷ್ಟೇ ತೂಕ. ಪೂರ್ತಿ ತೆರೆದಾಗ ಟ್ಯೂಬ್‌ಲೈಟಿನ ಅಂಚಿಗೆ, ಬಿಳಿ ಗೆರೆಗಳ ಅಂಚಿಗೆ ನೇರಳೆ ಬಣ್ಣ ಬರುತ್ತೆ. ನನಗೆ ಅದು ದೊಡ್ಡ ತಲೆನೋವಲ್ಲ. ನಿಜವಾದ ಕಷ್ಟ ಫೋಕಸ್‌ನ ಆಳದ್ದು. ಎಂಟು ಮೀಟರ್ ದೂರದಲ್ಲಿ ಎಫ್ 1.8ಕ್ಕೆ ಸುಮಾರು ಒಂದು ಮೀಟರ್ ಆಳ ಸಿಗುತ್ತೆ, ಶಟಲ್ ಆಟಗಾರ್ತಿಯ ಮುಖ, ರ‍್ಯಾಕೆಟ್ ಎರಡೂ ಸ್ಪಷ್ಟ. ಕಬಡ್ಡಿ ಮ್ಯಾಟ್ ಪಕ್ಕ ಕೂತು ನಾಲ್ಕು ಮೀಟರ್‌ನಲ್ಲಿ ತೆಗೆದರೆ ಒಂದು ಗೇಣು ಮಾತ್ರ. ರೈಡರ್ ಕಣ್ಣು ಸ್ಪಷ್ಟ ಇದ್ದರೆ ಚಾಚಿದ ಕೈ ಮಸುಕು. ಅಲ್ಲಿ ಎಫ್ 2.8ಕ್ಕೆ ಇಳಿಸಿ ಐಎಸ್‌ಒ ಏರಿಸುವುದೇ ಸರಿ.

70-200 ಎಫ್ 2.8 ಜೂಮ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬೇಕು. ಮದುವೆಗೂ ಆಗುತ್ತೆ ಅಂತ ನಾನು ಅದರ ಹಳೇ ಇಎಫ್ ಎರಡನೇ ಆವೃತ್ತಿ ಇಟ್ಟುಕೊಂಡಿದ್ದೇನೆ, ಹೆಚ್ಚುಕಡಿಮೆ ಒಂದೂವರೆ ಕಿಲೋ. ಒಂದೇ ಅಂಕಣ ಇರುವ ಸಣ್ಣ ಹಾಲ್‌ಗೆ ಮಾತ್ರ ಅದನ್ನು ಒಯ್ಯುವುದಿಲ್ಲ. ಹಿಂದೆ ಸರಿಯಲು ಜಾಗವೇ ಇರಲ್ಲ.

ಫೋಕಸ್ ಬಗ್ಗೆ ಹೊಗಳಿಕೆಯೇ ಜಾಸ್ತಿ. ಶಟಲ್ ಸಿಂಗಲ್ಸ್, ಟೇಬಲ್ ಟೆನಿಸ್, ಕರಾಟೆಯ ಕತಾ, ಇಲ್ಲೆಲ್ಲ ಕಣ್ಣು ಗುರುತಿಸುವ ಮೋಡ್ ಹಾಕಿ ಬಿಟ್ಟರೆ ಆಯ್ತು, ಮುಖವನ್ನು ಬಿಡುವುದಿಲ್ಲ. ಕಬಡ್ಡಿಯಲ್ಲಿ ಆಟವೇ ಬೇರೆ. ಏಳು ಜನ ಒಬ್ಬನ ಮೇಲೆ ಬಿದ್ದಾಗ ಕ್ಯಾಮೆರಾ ಅದರಲ್ಲಿ ತನಗೆ ಇಷ್ಟವಾದ ಮುಖ ಆರಿಸಿಕೊಳ್ಳುತ್ತೆ. ಕೆಲವು ಸಲ ಹಿಂದೆ ನಿಂತ ರೆಫ್ರಿಯ ಮುಖ! ಅಲ್ಲಿ ನಾನು ಮುಖ ಹುಡುಕುವುದನ್ನು ಬಿಟ್ಟು, ಒಂದು ಫೋಕಸ್ ಪಾಯಿಂಟ್ ಮತ್ತು ಅದರ ಸುತ್ತಿನ ಪಾಯಿಂಟ್‌ಗಳಿಗೆ ಬದಲಿಸುತ್ತೇನೆ. ಬಲೆಯ ಆ ಕಡೆಯ ಆಟಗಾರರನ್ನು ತೆಗೆಯುವಾಗ ಫೋಕಸ್ ಬಲೆಗೆ ಅಂಟಿಕೊಂಡರೆ, ಸರ್ವೋ ಎಎಫ್‌ನಲ್ಲಿ (ಓಡುವವರ ಹಿಂದೆಯೇ ಫೋಕಸ್ ಸಾಗುವ ಮೋಡ್) ಕೇಸ್ 2 ಹಾಕಿ ನೋಡಿ. ಅಡ್ಡ ಬರುವುದನ್ನು ಲೆಕ್ಕಿಸದೆ ಮೊದಲು ಹಿಡಿದದ್ದನ್ನೇ ಹಿಡಿದಿರು ಅಂತ ಅದರ ಅರ್ಥ.

ಫ್ಲ್ಯಾಶ್ ಹಾಕಿದರೆ ಇಷ್ಟೆಲ್ಲ ಯಾಕೆ ಬೇಕು ಅಂತ ಮದುವೆ ಫೋಟೋಗ್ರಾಫರ್ ಗೆಳೆಯರು ಕೇಳುತ್ತಾರೆ. ಸರ್ವ್ ಮಾಡುವ ಹುಡುಗಿಯ ಕಣ್ಣಿಗೆ ಒಮ್ಮೆ ಫ್ಲ್ಯಾಶ್ ಹೊಡೆಯಿರಿ, ಅಂಪೈರ್ ನಿಮ್ಮನ್ನು ಹೊರಗೆ ಕಳಿಸುತ್ತಾರೆ. ಕಳಿಸಲೇಬೇಕು.

ನಾಯ್ಸ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. 20.1 ಮೆಗಾಪಿಕ್ಸೆಲ್ ಮಾತ್ರ ಅಂತ ಮೂಗು ಮುರಿಯುವವರಿದ್ದಾರೆ. ಪತ್ರಿಕೆಗೆ, ಫ್ಲೆಕ್ಸ್‌ಗೆ, ವಾಟ್ಸಾಪ್‌ಗೆ ಅದು ಧಾರಾಳ. ಐಎಸ್‌ಒ 6400 ಚಿಂತೆ ಇಲ್ಲದೆ ಕೊಡುತ್ತೇನೆ. 12800 ಸ್ವಲ್ಪ ತೊಳೆದು ಕೊಡುತ್ತೇನೆ. 25600 ಬೇರೆ ದಾರಿ ಇಲ್ಲದಿದ್ದರೆ ಮಾತ್ರ. 2023ರಲ್ಲಿ ಫೋಟೋ ತಿದ್ದುವ ಲೈಟ್‌ರೂಮ್‌ಗೆ ನಾಯ್ಸ್ ತೆಗೆಯುವ ಎಐ ಡಿನಾಯ್ಸ್ ಬಂದ ಮೇಲೆ 12800 ಕೂಡ ಮದುವೆ ಆಲ್ಬಂಗೆ ಹಾಕುವಷ್ಟು ಚೊಕ್ಕ ಆಗುತ್ತೆ. ಆದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಫೋಟೋಗೆ ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತೆ. ಸಂಜೆ ಪತ್ರಿಕೆಗೆ ಕಳಿಸುವ ಗಡಿಬಿಡಿಯಲ್ಲಿ ಅದು ಆಗದ ಮಾತು. ಹಾಲ್‌ನಲ್ಲೇ ಫೋಟೋ ಸ್ವಲ್ಪ ಬೆಳ್ಳಗೆ ಬರುವಂತೆ ತೆಗೆಯಿರಿ. ಕತ್ತಲಾಗಿ ತೆಗೆದು ಆಮೇಲೆ ಎತ್ತಿದರೆ ನಾಯ್ಸ್ ಇನ್ನೂ ಜಾಸ್ತಿ.

ನಮ್ಮ ಬೇಸಿಗೆಯ ಮಾತು ಬೇರೆ. ಕಾಕ್ ಗಾಳಿಗೆ ಓಲಾಡುತ್ತೆ ಅಂತ ಶಟಲ್ ಹಾಲ್‌ನಲ್ಲಿ ಫ್ಯಾನ್ ಬಂದ್ ಮಾಡುತ್ತಾರೆ, ಕಿಟಕಿಯನ್ನೂ ಮುಚ್ಚುತ್ತಾರೆ. ಮೇ ತಿಂಗಳಲ್ಲಿ ಒಳಗೆ ಕೂತರೆ ಬೆವರು ಹಣೆಯಿಂದ ನೇರ ವ್ಯೂಫೈಂಡರ್ ಮೇಲೆ ಇಳಿಯುತ್ತೆ. ಹೆಗಲ ಮೇಲೊಂದು ಟವೆಲ್ ಕಡ್ಡಾಯ. ಆ ಸೆಕೆಯಲ್ಲೂ ಫೋಟೋ ತೆಗೆಯುವಾಗ ಕ್ಯಾಮೆರಾ ಒಮ್ಮೆಯೂ ತಕರಾರು ಮಾಡಿಲ್ಲ. 4ಕೆ ವಿಡಿಯೋ ಉದ್ದಕ್ಕೆ ತೆಗೆಯುವವರು ಮಾತ್ರ ಯೋಚಿಸಿ, ಬಿಸಿಯಾಗಿ ನಿಲ್ಲುವುದು ಈ ಮಾದರಿಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಧೂಳಿನ ಬಗ್ಗೆ ಏನು ಹೇಳಲಿ! ಎರೆ ಮಣ್ಣು ಎಲ್ಲಿ ಬೇಕಾದರೂ ನುಗ್ಗುತ್ತೆ. ಲೆನ್ಸ್ ಬದಲಿಸುವುದಿದ್ದರೆ ಹಾಲ್ ಒಳಗೆ, ಬಾಗಿಲಿನಿಂದ ದೂರ, ಬಾಡಿಯನ್ನು ಕೆಳಮುಖ ಮಾಡಿ ಬದಲಿಸಿ.

ನನಗೆ ನಿಜವಾಗಿ ಕಾಟ ಕೊಟ್ಟದ್ದು ಒಂದು ಅಗ್ಗದ ಅಡಾಪ್ಟರ್. ಹೆಸರು ಬೇಡ. ನಾಲ್ಕು ಕಾಸು ಉಳಿಯುತ್ತೆ ಅಂತ ಗೆಳೆಯರೊಬ್ಬರು ಕೊಡಿಸಿದ್ದರು. ಕೆಲವು ತಿಂಗಳಿಗೇ ಸಡಿಲವಾಗಿ, ಜೂಮ್ ತಿರುಗಿಸಿದಾಗ ಲೆನ್ಸ್‌ನ ಸಂಪರ್ಕ ತಪ್ಪತೊಡಗಿತು, ಅದೂ ಫೈನಲ್ ನಡೆಯುವಾಗ. ಭಾರದ ಲೆನ್ಸ್ ಇದ್ದರೆ ಕಂಪನಿಯ ಅಡಾಪ್ಟರ್ರೇ ತಗೊಳ್ಳಿ.

ಈಗ ಕೊಳ್ಳಬಹುದಾ? 2020ರಲ್ಲಿ ಬಂದಾಗ ಬಾಡಿಯೊಂದೇ ಎರಡು ಲಕ್ಷ ದಾಟಿತ್ತು. 2022ರಲ್ಲಿ ಆರ್6 ಮಾರ್ಕ್ 2 ಬಂದಿದೆ. ಅದರಲ್ಲಿ 24.2 ಮೆಗಾಪಿಕ್ಸೆಲ್, ಎಲ್‌ಇಡಿಯ ವೇಗದ ಮಿನುಗಿಗೆ ಶಟರ್ ವೇಗವನ್ನು ಸೂಕ್ಷ್ಮವಾಗಿ ಹೊಂದಿಸುವ ಸೌಲಭ್ಯವೂ ಇದೆ. ಹೊಸ ಎಲ್‌ಇಡಿ ಹಾಕಿದ ಹಾಲ್‌ಗಳಲ್ಲೇ ನಿಮ್ಮ ಕೆಲಸ ಜಾಸ್ತಿ ಅಂದರೆ ಮಾರ್ಕ್ 2ಕ್ಕೇ ಹೋಗಿ. ಹಳೇ ಟ್ಯೂಬ್‌ಲೈಟಿನ ಶಾಲಾ ಹಾಲ್‌ಗಳೇ ಗತಿ ಅನ್ನುವವರಿಗೆ ಸೆಕೆಂಡ್ ಹ್ಯಾಂಡ್ ಆರ್6 ಮತ್ತು 85 ಎಂಎಂ ಜೋಡಿ ಸಾಕು. ಅಷ್ಟೂ ಆಗದಿದ್ದರೆ ಹಳೇ 7ಡಿ ಮಾರ್ಕ್ 2ಕ್ಕೆ ಅದೇ 85 ಹಾಕಿ. ನಾಯ್ಸ್ ಜಾಸ್ತಿ ಬರುತ್ತೆ, ಬಣ್ಣ ಸರಿ ಇರುತ್ತೆ.

ಹೈದರಾಬಾದ್‌ಗೋ ಸೊಲ್ಲಾಪುರಕ್ಕೋ ಹೋಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಾಗಿಲಿನ ಬೆಳಕಿನಲ್ಲಿ ನಾಲ್ಕು ಕ್ಲಿಕ್ ಮಾಡಿ ದುಡ್ಡು ಎಣಿಸಬೇಡಿ. ಅಂಗಡಿಯ ಒಳಗೆ ಹೋಗಿ, ಹಳೇ ಟ್ಯೂಬ್‌ಲೈಟ್ ಇದ್ದರೆ ಅದರ ಕೆಳಗೆ ಬಿಳಿ ಗೋಡೆಗೆ ಹಿಡಿದು, 1/800 ಇಟ್ಟು ಒಂದು ಉದ್ದ ಬರ್ಸ್ಟ್ ಬಿಡಿ. ಆ್ಯಂಟಿ-ಫ್ಲಿಕರ್ ಆಫ್ ಮಾಡಿ ಒಮ್ಮೆ, ಆನ್ ಮಾಡಿ ಒಮ್ಮೆ. ಆನ್ ಇದ್ದಾಗಲೂ ಗೋಡೆಯ ಬಣ್ಣ ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತಿದ್ದರೆ ಅಂಗಡಿಯವರನ್ನೇ ಯಾಕೆ ಅಂತ ಕೇಳಿ, ಉತ್ತರ ಸಿಗುವ ತನಕ ಜೇಬಿಗೆ ಕೈ ಹಾಕಬೇಡಿ.